ನಿನ್ನ ಜಾವ, ನನ್ನ ನಿದ್ದೆ

ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾದಲ್ಲಿ ಕಟ್ಟಿ ನಿಲ್ಲಿಸಿದ್ದ ಹಾಯಿದೋಣಿಯೊಂದರ ಒಳಗೆ ಕೂತು ಒಮ್ಮೆ ಚಹಾ ಕುಡಿದಿದ್ದೆ. ಗಂಡ ಹೆಂಡತಿ ಇಬ್ಬರೂ ಅರವತ್ತು ದಾಟಿದವರು. ನೌಕರಿ ಮುಗಿದ ವರ್ಷವೇ ಮನೆ ಬಾಡಿಗೆಗೆ ಕೊಟ್ಟು ಹೊರಟವರಿಗೆ ಅದು ನೀರಿನ ಮೇಲಿನ ಏಳನೇ ವರ್ಷ. ಥಾಯ್ಲೆಂಡಿನಿಂದ ಶ್ರೀಲಂಕಾ ಮುಟ್ಟಿ, ಈಶಾನ್ಯ ಮಾರುತ ಇರುವಾಗಲೇ ನಮ್ಮ ಕರಾವಳಿ ಸೇರಿದ್ದರು. ಅವರ ಒಲೆಯನ್ನು ನೋಡುವುದೇ ಚೆಂದ: ದೋಣಿ ಎಷ್ಟು ವಾಲಿದರೂ ಪಾತ್ರೆ ಮಟ್ಟವಾಗಿ ಇರಲೆಂದು ಉಯ್ಯಾಲೆಯ ಹಾಗೆ ತೂಗುಬಿಟ್ಟಿದ್ದರು. ಮೊಟ್ಟೆಗಳನ್ನು ಎರಡು ದಿನಕ್ಕೊಮ್ಮೆ ಮಗುಚಿ ಇಟ್ಟರೆ ಫ್ರಿಜ್ ಬೇಡ, ವಾರಗಟ್ಟಲೆ ಕೆಡುವುದಿಲ್ಲ ಎಂದು ಆಕೆ ಹೇಳಿಕೊಟ್ಟರು.

ನನ್ನ ಕಣ್ಣು ಮಾತ್ರ ಮೇಜಿನ ಮೇಲಿದ್ದ ಪ್ರಯಾಣದ ದಿನಚರಿಗೆ ಅಂಟಿಕೊಂಡಿತ್ತು. ಹೊತ್ತು, ದಿಕ್ಕು, ಗಾಳಿ, ಕಂಡ ದೀಪಗಳು. ಒಂದು ಸಾಲು ದುಂಡಗಿನ ಅಕ್ಷರ, ಮುಂದಿನದು ಎಡಕ್ಕೆ ವಾಲಿದ ಅಕ್ಷರ, ಆಮೇಲೆ ಮತ್ತೆ ದುಂಡಗಿನದು. ಪುಟ ತಿರುವಿದಷ್ಟೂ ಹೀಗೇ. ಮೂರು ಗಂಟೆಗೊಮ್ಮೆ ಕೈ ಬದಲು.

ಮೂರು ಗಂಟೆ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಸರಿಯಾಗಿ ಒಂದು ಜಾವ. ದೂರಸಮುದ್ರದ ಹಾಯಿ ಪಯಣದ ಮಾತು ಬಂದರೆ ಜನ ಬಿರುಗಾಳಿಯನ್ನೋ ತಿಮಿಂಗಿಲವನ್ನೋ ಕೇಳುತ್ತಾರೆ. ಈ ಬದುಕಿನ ಜೀವಾಳ ಇರುವುದು ಜಾವದಲ್ಲಿ ಎಂದು ನನಗೆ ಖಾತ್ರಿಯಾಗಿದೆ. ನಡುಸಮುದ್ರದಲ್ಲಿ ಲಂಗರು ಹಾಕಿ ಮಲಗುವುದೆಂದಿಲ್ಲ, ಅಡಿಯಲ್ಲಿ ನಾಲ್ಕೈದು ಸಾವಿರ ಮೀಟರ್ ನೀರು. ದೋಣಿ ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು. ಕೆನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲು. ಗಂಟೆಗೆ 5 ಮೈಲಿನಂತೆ ದಿನಕ್ಕೆ 120, ಅಂದರೆ ಮೂರು ವಾರದ ಮೇಲೆ. ಪನಾಮಾ ದಾಟಿದ ಮೇಲೆ ಗಲಪಗೋಸ್‌ನಿಂದ ಮಾರ್ಕೆಸಸ್‌ಗೆ ಹೋಗುವುದಾದರೆ ಸುಮಾರು 3,000. ಅಷ್ಟು ದಿನವೂ ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ದಿಗಂತದಲ್ಲಿ ಹಡಗಿನ ದೀಪ ಕಂಡರೆ ಅದು ಮೈಮೇಲೆ ಬರಲು ಹದಿನೈದು ಇಪ್ಪತ್ತು ನಿಮಿಷ ಸಾಕು.

ಊರಲ್ಲಿ ನಿವೃತ್ತರಾದವರು ಬೆಳಗಿನಿಂದ ರಾತ್ರಿವರೆಗೆ ಎದುರುಬದುರು ಕೂರುತ್ತಾರೆ. ಮೂವತ್ತೈದು ಅಡಿಯ ದೋಣಿಯಲ್ಲಿರುವವರು ಒಬ್ಬರಿಗೊಬ್ಬರು ಸಿಗುವುದೇ ಕಡಿಮೆ: ಸಂಜೆಯ ಊಟಕ್ಕೆ, ಜಾವ ಬದಲಾಗುವಾಗಿನ ಹತ್ತು ನಿಮಿಷಕ್ಕೆ. ಉಳಿದಂತೆ ಒಬ್ಬರ ನಿದ್ದೆಯನ್ನು ಇನ್ನೊಬ್ಬರು ಕಾಯುವುದು. ಹಾಯಿ ಬಿಚ್ಚಲು, ಕಟ್ಟಲು ಯಾರಾದರೂ ಕಲಿಯಬಹುದು. ಹೊರಗೆ ಕತ್ತಲು, ಅಲೆ ದೋಣಿಯ ಹಲಗೆಗೆ ಅಪ್ಪಳಿಸುತ್ತಿರುವಾಗ ಚುಕ್ಕಾಣಿ ಇನ್ನೊಬ್ಬರ ಕೈಲಿದೆ ಎಂದುಕೊಂಡು ಗಾಢವಾಗಿ ನಿದ್ದೆ ಹೋಗುವುದನ್ನು ಕಲಿಯಲು ವರ್ಷಗಳೇ ಬೇಕು.

ಈ ಮಾತಿಗೆ ನನ್ನ ಮಟ್ಟಿಗೆ ಮೈಲ್ಸ್ ಮತ್ತು ಬೆರಿಲ್ ಸ್ಮೀಟನ್ ಅವರಿಗಿಂತ ದೊಡ್ಡ ಸಾಕ್ಷಿ ಇಲ್ಲ. ಮೈಲ್ಸ್ ಬ್ರಿಟಿಷರ ಕಾಲದ ಭಾರತೀಯ ಸೇನೆಯವರು. ಬರ್ಮಾದ ಮೇಕ್ತಿಲಾ ಕದನದಲ್ಲಿ ಪ್ರೊಬಿನ್ಸ್ ಹಾರ್ಸ್ ರೆಜಿಮೆಂಟನ್ನು ಮುನ್ನಡೆಸಿ, ಬ್ರಿಗೇಡಿಯರ್ ಆಗಿ ನಿವೃತ್ತರಾದವರು. ಬೆರಿಲ್ ಒಂಟಿಯಾಗಿ ದೇಶ ಸುತ್ತಿದ ಹೆಂಗಸು. 1939ರಲ್ಲಿ ಗಂಡನ ಜೊತೆ ತಿರಿಚ್ ಮೀರ್ ಶಿಖರ ಹತ್ತಲು ಹೊರಟಾಗ ಅವರೊಡನೆ ಇದ್ದ ಶೆರ್ಪಾ ತೇನ್‌ಸಿಂಗ್. ಯುದ್ಧದ ನಂತರ ಕೆನಡಾದಲ್ಲಿ ಜಮೀನು ಮಾಡಿಕೊಂಡಿದ್ದ ಈ ದಂಪತಿ, ಹಾಂಗ್‌ಕಾಂಗಿನಲ್ಲಿ ಕಟ್ಟಿದ ‘ತ್ಸು ಹ್ಯಾಂಗ್’ ಎಂಬ 46 ಅಡಿಯ ದೋಣಿ ಕೊಂಡರು. ಕೊಳ್ಳುವಾಗ ಇಬ್ಬರಿಗೂ ಹಾಯಿಯ ಅನುಭವ ಇರಲಿಲ್ಲ. ಸಮುದ್ರದ ಮೇಲೆಯೇ ಕಲಿತರು.

1956ರ ಡಿಸೆಂಬರಿನಲ್ಲಿ ಮೆಲ್ಬರ್ನ್ ಬಿಟ್ಟು ಕೇಪ್ ಹಾರ್ನ್ ಸುತ್ತಿ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಹೊರಟರು. ಜೊತೆಗೆ ಜಾನ್ ಗಜ್‌ವೆಲ್ ಎಂಬ ತರುಣ, ಕಸುಬಿನ ಬಡಗಿ. 1957ರ ಫೆಬ್ರವರಿ 14ರ ಬೆಳಗ್ಗೆ ಚುಕ್ಕಾಣಿ ಬೆರಿಲ್ ಕೈಲಿತ್ತು, ಗಂಡಸರಿಬ್ಬರೂ ಒಳಗಿದ್ದರು. ಹಿಂದಿನಿಂದ ಬಂದ ಗೋಡೆಯಂಥ ಅಲೆ ದೋಣಿಯ ಹಿಂಭಾಗವನ್ನು ಎತ್ತಿತು, ಮೂತಿ ನೀರಿನೊಳಗೆ ನಾಟಿತು, ದೋಣಿ ತಲೆಕೆಳಗಾಗಿ ಲಾಗ ಹೊಡೆಯಿತು. ಎರಡೂ ಹಾಯಿಕಂಬ ಮುರಿದವು, ಚುಕ್ಕಾಣಿ ಹೋಯಿತು, ದೋಣಿಯ ಮೇಲಿನ ಗೂಡು ಕಿತ್ತುಹೋಗಿ ಅಲ್ಲೊಂದು ದೊಡ್ಡ ತೂತು. ಬೆರಿಲ್ ಸೊಂಟಕ್ಕೆ ಕಟ್ಟಿದ ಹಗ್ಗ ಹರಿದು ಸಮುದ್ರಕ್ಕೆ ಬಿದ್ದಿದ್ದರು. ಭುಜಕ್ಕೆ ಪೆಟ್ಟಾಗಿದ್ದರೂ ಈಜಿ ಬಂದು ಮುರಿದ ಕಂಬದ ಅವಶೇಷ ಹಿಡಿದರು, ಗಂಡಸರು ಮೇಲೆಳೆದುಕೊಂಡರು. ಆಮೇಲೆ ಆಕೆ ಮಾಡಿದ ಕೆಲಸ, ಬಕೆಟ್ ಹಿಡಿದು ನೀರು ಮೊಗೆದದ್ದು. ಮೂವರೂ ಗಂಟೆಗಟ್ಟಲೆ ಮೊಗೆದರು. ಗಜ್‌ವೆಲ್ ತೂತು ಮುಚ್ಚಿ, ಚುಕ್ಕಾಣಿಗೆ ಬದಲು ಹುಟ್ಟು ಮಾಡಿ, ಸಿಕ್ಕ ಮರದಲ್ಲಿ ಕುಳ್ಳ ಕಂಬ ನಿಲ್ಲಿಸಿದರು. ಹಾಗೇ ಚಿಲಿಯ ದಡ ಸೇರಿದರು.

ದೋಣಿ ರಿಪೇರಿಯಾದ ಮೇಲೆ ಅದೇ ವರ್ಷದ ಕೊನೆಗೆ ಗಂಡ ಹೆಂಡತಿ ಇಬ್ಬರೇ ಮತ್ತೆ ಹೊರಟರು. ಮತ್ತೆ ಮಗುಚಿತು, ಮತ್ತೆ ಕಂಬಗಳು ಹೋದವು. ಮೊದಲ ಅನಾಹುತಕ್ಕೆ ಕಾರಣ ಚುಕ್ಕಾಣಿಯಲ್ಲಿದ್ದವರು ಎಂದು ಮೈಲ್ಸ್‌ಗೆ ಒಂದು ಕ್ಷಣ ಅನ್ನಿಸಿದ್ದರೂ ಮತ್ತೆ ಆಕೆಯ ಕೈಗೆ ಚುಕ್ಕಾಣಿ ಬಿಟ್ಟು ಒಳಗೆ ಮಲಗುವುದು ಆಗದ ಮಾತಾಗುತ್ತಿತ್ತು, ಎರಡನೇ ಸಲ ಹೊರಡುವುದಂತೂ ದೂರವೇ ಉಳಿಯುತ್ತಿತ್ತು. ಕೊನೆಗೆ 1968ರ ಡಿಸೆಂಬರಿನಲ್ಲಿ, ಇಬ್ಬರಿಗೂ ಅರವತ್ತು ದಾಟಿದ ಮೇಲೆ, ಅದೇ ದೋಣಿಯಲ್ಲಿ ಕೇಪ್ ಹಾರ್ನ್ ದಾಟಿದರು.

ಈಗ ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಸಲಕರಣೆ ಇದೆ, ಹತ್ತಿರದ ಹಡಗುಗಳನ್ನು ಪರದೆಯಲ್ಲಿ ತೋರಿಸುವ ಎಐಎಸ್ ಇದೆ. ಇರಲಿ, ಒಳ್ಳೆಯದೇ. ಆದರೆ ಮಲ್ಪೆಯ ಎದುರಿನ ಕಡಲಲ್ಲಿ ರಾತ್ರಿ ಬಲೆ ಬಿಟ್ಟು ಕೂತ ನಾಡದೋಣಿಯ ಮಂಕು ದೀಪವನ್ನು ಕಣ್ಣೇ ನೋಡಬೇಕು. ಸಲಕರಣೆ ನಂಬಿ ಇಬ್ಬರೂ ಮಲಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ನಾಡದೋಣಿಯಲ್ಲೂ ಜೀವಗಳಿವೆ.

ಕೊಚ್ಚಿಯ ಆ ದಿನಚರಿಯಲ್ಲಿ ಒಂದು ಕಡೆ ಮಾತ್ರ ಕೈಬರಹದ ಸರದಿ ತಪ್ಪಿತ್ತು. ರಾತ್ರಿ ಹನ್ನೆರಡಕ್ಕೆ ದುಂಡಗಿನ ಅಕ್ಷರ, ಮೂರಕ್ಕೂ ಅದೇ, ಬೆಳಗಿನ ಆರಕ್ಕೂ ಅದೇ. ಬೆರಳಿಟ್ಟು ಕೇಳಿದೆ. ಆಕೆ ಕನ್ನಡಕ ಏರಿಸಿಕೊಂಡು ನೋಡಿದರು. ಆ ರಾತ್ರಿ ಗಂಡನಿಗೆ ಸ್ವಲ್ಪ ಜ್ವರ ಇತ್ತು, ಗಾಳಿಯೂ ಚೆನ್ನಾಗಿತ್ತು, ಎಬ್ಬಿಸಲಿಲ್ಲ ಎಂದರು. ಒಲೆಯ ಹತ್ತಿರ ನಿಂತಿದ್ದ ಗಂಡ ತಿರುಗಿ ನೋಡಿದರು. ಅವರು ಆ ಪುಟವನ್ನು ಅಷ್ಟು ಗಮನವಿಟ್ಟು ಓದಿರಲಿಲ್ಲವೆಂದು ಕಾಣುತ್ತದೆ.