ತೇವಾಂಶ ಸಂವೇದಕ: ಅಂಕಿ ಯಾವ ಮಣ್ಣಿನದು?

ಮಣ್ಣಿನ ತೇವಾಂಶ ಸಂವೇದಕವನ್ನು ರೈತರಿಗೆ ಪರಿಚಯಿಸುವ ಪ್ರಾತ್ಯಕ್ಷಿಕೆಯೊಂದನ್ನು ನೋಡಿದ್ದೆ. ಕಡ್ಡಿಯನ್ನು ಗಾಳಿಯಲ್ಲಿ ಹಿಡಿದಾಗ ಸೊನ್ನೆ, ಲೋಟದ ನೀರಿನಲ್ಲಿ ಅದ್ದಿದಾಗ ನೂರು. ಅಂಶಾಂಕನ, ಅಂದರೆ ಕ್ಯಾಲಿಬ್ರೇಷನ್, ಮುಗಿಯಿತೆಂದರು. ಮಣ್ಣನ್ನು ಮಾತ್ರ ಯಾರೂ ಮುಟ್ಟಲಿಲ್ಲ! ಕೈಪತ್ರದಲ್ಲಿ ‘ದೋಷ ಶೇ. 3ರೊಳಗೆ’ ಎಂದಿತ್ತು, ಯಾವ ಮಣ್ಣಿನಲ್ಲಿ, ಯಾವ ಉಷ್ಣತೆಯಲ್ಲಿ ಎಂಬುದಿರಲಿಲ್ಲ.

ಇಂಥ ಸಂವೇದಕ ನೀರನ್ನು ನೇರವಾಗಿ ಅಳೆಯುವುದಿಲ್ಲ. ಅದು ಗ್ರಹಿಸುವುದು ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು. ಇದರ ಬೆಲೆ ನೀರಿಗೆ ಸುಮಾರು 80, ಒಣ ಮಣ್ಣಿಗೆ 3ರಿಂದ 5, ಗಾಳಿಗೆ 1. ಸ್ಥಿರಾಂಕದಿಂದ ನೀರಿನ ಪ್ರಮಾಣ ಪಡೆಯಲು ಸಮೀಕರಣ ಬೇಕು. ಕೆನಡಾದ ಟಾಪ್ ಮತ್ತು ಸಂಗಡಿಗರು 1980ರಲ್ಲಿ ಕೊಟ್ಟ ಸಮೀಕರಣದಂತೆ, ಸ್ಥಿರಾಂಕ 25 ಇದ್ದರೆ ಮಣ್ಣಿನ ಗಾತ್ರದ ಶೇ. 40ರಷ್ಟು ನೀರಿದೆ. ಅದು ಒಳ್ಳೆಯ ಕೆಲಸವೇ. ಆದರೆ ಕೆಲವೇ ಮಣ್ಣುಗಳ ಮೇಲೆ ರೂಪುಗೊಂಡದ್ದು.

ಗೋಕಾಕ ತಾಲ್ಲೂಕಿನ ಕೊಣ್ಣೂರ ಸೀಮೆಯನ್ನು ನೋಡಿ. ಗೋಕಾಕ ಜಲಪಾತದ ಮರಳುಗಲ್ಲಿನ ಗುಡ್ಡಗಳ ಬದಿಗೆ ಮರಳು ಬೆರೆತ ಮಸಾರಿ, ಬಯಲಿಗಿಳಿದರೆ ಎರೆ. ಎರೆಮಣ್ಣಿನ ಜೇಡಿಕಣಗಳಿಗೆ ಬಿಗಿಯಾಗಿ ಅಂಟಿದ ನೀರಿನ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ಸುಲಭವಾಗಿ ತಿರುಗಲಾರವು. ಆಗ ಟಾಪ್ ಸಮೀಕರಣ ಇರುವುದಕ್ಕಿಂತ ಕಡಿಮೆ ನೀರು ತೋರಿಸಬಹುದು. ಕಾಲುವೆ ನೀರುಂಡು ಸವುಳಾದ ಹೊಲದಲ್ಲಿ, ಕಡಿಮೆ ಆವರ್ತಾಂಕದ ಅಗ್ಗದ ಸಂವೇದಕಗಳು ಲವಣದ ವಾಹಕತೆಯಿಂದ ಹೆಚ್ಚು ತೋರಿಸುತ್ತವೆ. ಒಂದು ದಿನ ಅಂಕಿ ಸರಿಯಾಗಿ ಕಂಡರೆ ಅದು ಎರಡು ತಪ್ಪುಗಳ ಹೊಂದಾಣಿಕೆಯೂ ಆಗಿರಬಹುದು! ಬೇಸಿಗೆಯಲ್ಲಿ ಎರೆ ಬಿರುಕುಬಿಟ್ಟಾಗಲಂತೂ ಕಡ್ಡಿ ಅಳೆಯುವುದು ಸಂದಿನ ಗಾಳಿಯನ್ನು.

ಹೋಲಿಕೆಗೆ ಮಾನಕವೇ ಇಲ್ಲವೆನ್ನುವಂತಿಲ್ಲ. ಮಣ್ಣನ್ನು 105–110 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಣಗಿಸಿ ತೂಗುವ ವಿಧಾನ ಭಾರತೀಯ ಮಾನಕ ಐಎಸ್ 2720ರ 2ನೇ ಭಾಗದಲ್ಲಿ (1973) ಇದೆ. ಅಲ್ಲಿಯೂ ಎಡವುವ ಜಾಗವೊಂದಿದೆ. 100 ಘನ ಸೆಂ.ಮೀ. ಉಂಗುರದಲ್ಲಿ ತೆಗೆದ ಹಸಿ ಮಣ್ಣು 178 ಗ್ರಾಂ, ಒಣಗಿದ ಮೇಲೆ 135 ಗ್ರಾಂ ಎನ್ನಿ. ನೀರು 43 ಗ್ರಾಂ. ತೂಕದ ಲೆಕ್ಕದಲ್ಲಿ ಇದು ಶೇ. 32, ಗಾತ್ರದ ಲೆಕ್ಕದಲ್ಲಿ ಶೇ. 43. ಓವನ್ ಕೊಡುವುದು ಮೊದಲನೆಯದನ್ನು, ಸಂವೇದಕ ಎರಡನೆಯದನ್ನು. ಇವೆರಡನ್ನು ಬೆಸೆಯುವ ಒಣ ಸಾಂದ್ರತೆ, ನೀರುಂಡು ಉಬ್ಬಿ ಒಣಗಿ ಕುಗ್ಗುವ ಎರೆಯಲ್ಲಿ ಸ್ಥಿರವಲ್ಲ. ಮಳೆಗಾಲದಲ್ಲಿ ಒಮ್ಮೆ ಅಳೆದ ಸಾಂದ್ರತೆಯನ್ನೇ ವರ್ಷವಿಡೀ ಬಳಸಿದ ವರದಿಗೆ ನಾನು ಅಂಕ ಕೊಡಲಾರೆ.

ಇದು ಬರಿ ಪ್ರಯೋಗಾಲಯದ ಮಡಿವಂತಿಕೆಯಲ್ಲ. ಕಡ್ಡಿ ಶೇ. 8 ಕಡಿಮೆ ತೋರಿಸಿದರೆ ಕಬ್ಬಿನ ರೈತ ಇನ್ನೊಂದು ಸರತಿ ನೀರು ಬಿಡುತ್ತಾನೆ. ಜೌಗು, ಸವುಳು ಅವನ ಪಾಲಿಗೆ, ಕೈಪತ್ರ ಮಾರಿದವರಿಗಲ್ಲ.

ಆದ್ದರಿಂದ ಪರೀಕ್ಷಾ ವರದಿಯಲ್ಲಿ ಮಣ್ಣಿನ ಜಾತಿ, ಒಣ ಸಾಂದ್ರತೆ, ಲವಣದ ವಾಹಕತೆ, ಉಷ್ಣತೆ, ಸಂವೇದಕದ ಆವರ್ತಾಂಕ ಕಡ್ಡಾಯವಾಗಬೇಕು. ಕಾಲೇಜಿನಲ್ಲಿ ಈ ಪರೀಕ್ಷೆ ಕಷ್ಟವಲ್ಲ. ಓವನ್ ಮತ್ತು ತಕ್ಕಡಿ ಇದ್ದರೆ ಸಾಕು. ಒಣಗಿಸಿ ಜರಡಿ ಹಿಡಿದ ಎರೆಯನ್ನು ಐದು ಪಾಲು ಮಾಡಿ, ಒಂದೊಂದಕ್ಕೆ ಬೇರೆ ಬೇರೆ ತೂಕದ ನೀರು ಸಿಂಪಡಿಸಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಬಿಡಿ. ಮರುದಿನ ಗೊತ್ತಿರುವ ಗಾತ್ರದ ಪಿವಿಸಿ ಕೊಳವೆಗೆ ತುಂಬಿ ಸಂವೇದಕ ಚುಚ್ಚಿ. ಅದೇ ಮಣ್ಣನ್ನು ಇನ್ನಷ್ಟು ಅದುಮಿ ಮತ್ತೆ ಅಳೆಯಿರಿ. ಮಸಾರಿಗೂ ಹೀಗೆಯೇ ಮಾಡಿ, ಎರಡು ರೇಖೆಗಳನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಎಳೆಯಿರಿ. ಕೈಪತ್ರದ ರೇಖೆಯನ್ನು ಕೊನೆಗೆ ಎಳೆದರಾಯಿತು.