ಪರಸ್ಥಳದಲ್ಲಿ ಮುದ್ದೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರಿಗೋ ದೆಹಲಿಗೋ ಹೊರದೇಶಕ್ಕೋ ಹೋಗಿ ನೆಲೆಸಿದವರು ಅಲ್ಲಿ ಮೊದಲು ಹುಡುಕುವ ಊಟ ರಾಗಿ ಮುದ್ದೆ. ಹುಡುಕಿ ಸಿಕ್ಕ ಮೇಲೂ ಹೆಚ್ಚು ನಿರಾಸೆ ತರುವುದು ಅದೇ. ಈ ನಿರಾಸೆಗೆ ಸಾಮಾನ್ಯವಾಗಿ ಹೇಳುವ ಕಾರಣ ಹಿಟ್ಟಿನದು: ಪೇಟೆಯ ಪೊಟ್ಟಣದ ಹಿಟ್ಟು ಊರಿನ ಮಿಲ್ಲಿನಲ್ಲಿ ಬೀಸಿಸಿದ ಹಿಟ್ಟಿನಂತಲ್ಲ ಎಂದು. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಇದಕ್ಕೆ ಸಿಕ್ಕಿರುವ ತೂಕ ಅತಿಯಾಯಿತು. ಮುದ್ದೆ ಕೆಡುವುದು ಬಹುಮಟ್ಟಿಗೆ ಒಲೆಯಿಂದ ಇಳಿದು ತಟ್ಟೆಗೆ ಬರುವ ನಡುವಿನ ಹೊತ್ತಿನಲ್ಲಿ ಮತ್ತು ಜೊತೆಗೆ ಬಡಿಸುವ ಸಾರಿನಲ್ಲಿ; ಆದ್ದರಿಂದ ಪರಸ್ಥಳದ ಮುದ್ದೆಯ ಗುಣದೋಷಗಳನ್ನು ಈ ಎರಡು ಕಡೆ ನೋಡಿ ಅಳೆಯುವುದು ನ್ಯಾಯ.

ಹಿಟ್ಟಿನ ಬಗೆಗಿನ ವಾದವನ್ನು ಮೊದಲು ಪರಿಶೀಲಿಸಬಹುದು. ಊರಿನ ರಾಗಿ ಎಂದು ಅಭಿಮಾನದಿಂದ ಮೂಟೆ ಕಟ್ಟಿ ಬಸ್ಸಿನಲ್ಲಿ ಹಾಕಿ ತರುವ ಕಾಳು ಕೂಡ ಅಜ್ಜನ ಕಾಲದ ಕಾಳಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳು, ಅವುಗಳ ನಂತರ ಬಂದ ಜಿಪಿಯು-28ರಂಥ ತಳಿಗಳು ಹಳೆಯ ಮೈಸೂರು ಸೀಮೆಯ ಹೊಲಗಳನ್ನು ಎಂದೋ ತುಂಬಿಕೊಂಡಿವೆ. ಬೆಂಗಳೂರಿನ ಅಂಗಡಿಗೆ ಬರುವ ರಾಗಿಯೂ ಬಹಳಷ್ಟು ಇದೇ ಸೀಮೆಯದು. ಪೇಟೆಯ ಹಿಟ್ಟನ್ನು ಕೆಲವೊಮ್ಮೆ ಅತಿ ನುಣ್ಣಗೆ ಜರಡಿ ಹಿಡಿದು ಹೊಟ್ಟು ತೆಗೆದಿರುತ್ತಾರೆ, ಕೆಲವೊಮ್ಮೆ ಅದು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತು ಕಮಟು ಹಿಡಿದಿರುತ್ತದೆ. ಕಾಳಾಗಿದ್ದಾಗ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ರಾಗಿ ಹಿಟ್ಟಾದ ಮೇಲೆ ಆ ಬಾಳಿಕೆಯನ್ನು ಕಳೆದುಕೊಳ್ಳುತ್ತದೆ. ಹೊಸದಾಗಿ ಬೀಸಿದ ಹಿಟ್ಟು ಕೊಂಡರೆ ಈ ದೋಷ ತೀರುತ್ತದೆ. ಅದಕ್ಕೆ ಊರೇ ಬೇಕೆಂದಿಲ್ಲ.

ಮುದ್ದೆಯನ್ನು ತಿರುವುವ ಕ್ರಮವನ್ನು ಹತ್ತಿರದಿಂದ ನೋಡಿದರೆ ತೊಡಕು ಎಲ್ಲಿದೆಯೆಂಬುದು ತಿಳಿಯುತ್ತದೆ. ಎಸರಿಗೆ ಚಿಟಿಕೆ ಹಿಟ್ಟನ್ನು ಕದಡಿ ಹಾಕಿ, ಕೆಲವರು ಒಂದು ಹಿಡಿ ನುಚ್ಚನ್ನೋ ಅನ್ನವನ್ನೋ ಸೇರಿಸಿ, ಅದು ಉಕ್ಕಿ ಬಂದಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತಾರೆ. ಗುಡ್ಡೆಯ ನಡುವೆ ಕೋಲು ನಿಲ್ಲಿಸಿ, ಆ ತೂತಿನ ಮೂಲಕ ಎಸರು ಮೇಲೆ ಬಂದು ಹಿಟ್ಟಿನ ಮೇಲೆ ಹರಡಿ ಒಳಗೂ ಹೊರಗೂ ಬೇಯುವವರೆಗೆ ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಅವಸರ ಮಾಡಿದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಆಮೇಲೆ ಪಾತ್ರೆಯನ್ನು ಕವೆಗೋಲಿನಿಂದ, ಅಂದರೆ ಕವಲೊಡೆದ ಕೋಲಿನಿಂದ, ಒತ್ತಿ ಹಿಡಿದು, ಹಿಟ್ಟಿನ ದೊಣ್ಣೆಯಿಂದ ಗಂಟೊಡೆಯುವಂತೆ ಬಲವಾಗಿ ತಿರುವಿ, ಒದ್ದೆ ಮಾಡಿದ ಮಣೆಯ ಮೇಲೋ ತಟ್ಟೆಯ ಮೇಲೋ ಬಿಸಿಬಿಸಿಯಾಗಿ ಉಂಡೆ ಕಟ್ಟುತ್ತಾರೆ. ಗೋಧಿಗೆ ಹಿಡಿತ ಕೊಡುವ ಗ್ಲುಟೆನ್ ಎಂಬ ಪ್ರೋಟೀನು ರಾಗಿಯಲ್ಲಿಲ್ಲ; ಮುದ್ದೆಯನ್ನು ಒಂದಾಗಿ ಹಿಡಿಯುವುದು ಬಿಸಿ ನೀರಿನಲ್ಲಿ ಬೆಂದು ಉಬ್ಬಿದ ಪಿಷ್ಟ ಮಾತ್ರ. ಆರುತ್ತ ಬಂದಂತೆ ಆ ಪಿಷ್ಟ ಬಿಗಿದುಕೊಳ್ಳುತ್ತದೆ, ಮೇಲೆ ಕಟ್ಟಿದ ಪೊರೆ ಒಣಗುತ್ತದೆ, ಅಗಿಯದೆ ನುಂಗಬೇಕಾದ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಹೀಗಾದ ಮುದ್ದೆಯನ್ನು ಮತ್ತೆ ಬಿಸಿ ಮಾಡಿದರೂ ಅದು ಮೊದಲಿನ ಹದಕ್ಕೆ ಬರುವುದಿಲ್ಲ.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಟಮಾಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮುದ್ದೆಯ ಈ ಸ್ವಭಾವ ಸ್ಪಷ್ಟವಾಗುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿದ ಮೆಕ್ಕೆಜೋಳವನ್ನು ಅರೆದು, ಆ ಹಿಟ್ಟಿಗೆ ಕೊಬ್ಬು ಕಲಸಿ, ನಡುವೆ ಮಾಂಸವನ್ನೋ ಮೆಣಸಿನಕಾಯಿಯ ಗೊಜ್ಜನ್ನೋ ಇಟ್ಟು, ಜೋಳದ ತೆನೆಯ ಸಿಪ್ಪೆಯಲ್ಲೋ ಬಾಳೆಯೆಲೆಯಲ್ಲೋ ಸುತ್ತಿ ಹಬೆಯಲ್ಲಿ ಬೇಯಿಸಿದ ತಿನಿಸು ಅದು. ಎಲೆಯ ಹೊದಿಕೆ ತೇವವನ್ನು ಹಿಡಿದಿಡುವುದರಿಂದ ಬೆಳಿಗ್ಗೆ ಬೇಯಿಸಿದ್ದನ್ನು ಬೀದಿಯಲ್ಲಿ ಮಧ್ಯಾಹ್ನದವರೆಗೆ ಮಾರಬಹುದು, ಮರುದಿನ ಮತ್ತೆ ಹಬೆಗಿಡಬಹುದು. ಲಾಸ್ ಏಂಜಲೀಸ್, ಹ್ಯೂಸ್ಟನ್‌ಗಳಿಗೆ ವಲಸೆ ಹೋದವರ ಜೊತೆಗೆ ಅದೂ ಅಲ್ಲಿ ಬೇರೂರಿದ್ದರಲ್ಲಿ ಈ ಗುಣದ ಪಾಲು ದೊಡ್ಡದು. ಹಾಸನದ ಕಡೆಯ ಅಡಿಗೆಯಲ್ಲಿ ಇದರ ಹತ್ತಿರದ ಬಂಧು ಮುದ್ದೆಯಲ್ಲ, ಅಕ್ಕಿ ತರಿಯ ಕಡುಬು. ಮಳೆ ಹೆಚ್ಚಿರುವ, ಭತ್ತ ಬೆಳೆಯುವ ಅರಕಲಗೂಡಿನ ಪಡುವಣ ಹಳ್ಳಿಗಳಲ್ಲಿ ತರಿಯನ್ನು ಉಪ್ಪು ನೀರಿನಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ಮಾಡುವ ಕಡುಬು ಡಬ್ಬಿಯಲ್ಲಿ ಪ್ರಯಾಣ ಮಾಡಬಲ್ಲದು, ಮತ್ತೆ ಹಬೆ ಕಂಡರೆ ಮೆತ್ತಗಾಗಬಲ್ಲದು. ಮಳೆಯಾಶ್ರಿತ ರಾಗಿಯ ಚನ್ನರಾಯಪಟ್ಟಣದವರಿಗೆ ಊರೆಂದರೆ ಮುದ್ದೆ. ಹೇಮಾವತಿಯ ನೀರು ಕಂಡ ಹೊಳೆನರಸೀಪುರದವರು ಎರಡರ ನಡುವೆ ಇದ್ದಾರೆ. ಒಂದೇ ಜಿಲ್ಲೆಯ ಈ ಭೇದವನ್ನು ಮರೆತು ‘ಹಾಸನದ ಊಟ’ ಎಂದು ಒಂದೇ ಫಲಕ ಹಾಕುವುದರಲ್ಲಿ ಸತ್ಯಕ್ಕಿಂತ ವ್ಯಾಪಾರ ಹೆಚ್ಚು.

ಬೆಂಗಳೂರಿನಲ್ಲಿ ಮುದ್ದೆ ಸಿಗುವ ಜಾಗಗಳಿಗೆ ಬರವಿಲ್ಲ. ಅವುಗಳಲ್ಲಿ ಅತ್ಯುತ್ತಮವಾದವು ಸಾಧಾರಣವಾಗಿ ಇಕ್ಕಟ್ಟಾದ, ಮಧ್ಯಾಹ್ನ ಕೂರಲು ಜಾಗ ಸಿಗದ ಮೆಸ್ಸುಗಳೇ ಆಗಿರುವುದು ಆಕಸ್ಮಿಕವಲ್ಲ: ಜನ ಒಂದೇ ಸಮನೆ ಬರುವುದರಿಂದ ಅಲ್ಲಿ ಹಿಟ್ಟನ್ನು ಸಣ್ಣ ಸಣ್ಣ ಪಾಲಾಗಿ ಮತ್ತೆ ಮತ್ತೆ ತಿರುವಬೇಕಾಗುತ್ತದೆ, ಉಂಡೆ ಕಟ್ಟಿದ್ದು ಕಟ್ಟಿದಂತೆಯೇ ತಟ್ಟೆಗೆ ಬೀಳುತ್ತದೆ. ‘ನಾಟಿ ಶೈಲಿ’ ಎಂದು ಗೋಡೆಗೆ ಬಂಡಿಯ ಗಾಲಿ ತೂಗುಹಾಕಿದ ದುಬಾರಿ ಹೋಟೆಲುಗಳಲ್ಲಿ ಮುದ್ದೆಯನ್ನು ಬೆಳಿಗ್ಗೆಯೇ ಕಟ್ಟಿ, ಎಣ್ಣೆ ಸವರಿ, ಬಿಸಿಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಹೊಳೆಯುವ ಆ ಉಂಡೆ ನೋಡಲು ಚೆಂದ, ಮುರಿದರೆ ರಬ್ಬರು. ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿದ ಮುದ್ದೆ ಇನ್ನೂ ಬೇಗ ಆರುತ್ತದೆ ಎಂಬುದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ಹಿಟ್ಟು ತಿರುವುವ ಯಂತ್ರವನ್ನು ಈ ಸಾಲಿಗೆ ಸೇರಿಸಿ ಹಳಿಯುವುದು ತಪ್ಪು. ಅದು ತೋಳಿನ ದಣಿವನ್ನು ಉಳಿಸುತ್ತದೆ, ಗಂಟಿಲ್ಲದೆ ತಿರುವುತ್ತದೆ. ಒಂದೇ ಸಲಕ್ಕೆ ನೂರು ಜನರ ಹಿಟ್ಟನ್ನು ತಿರುವಿ ಇಟ್ಟುಕೊಳ್ಳುವ ಆಸೆಗೆ ಬಿದ್ದವರ ದೋಷ ಯಂತ್ರದ್ದಲ್ಲ.

ಸಾರಿನ ವಿಷಯದಲ್ಲಿ ಪೇಟೆಯ ಸೋಲು ಇನ್ನೂ ಗಂಭೀರ. ಮುದ್ದೆಗೆ ತನ್ನದೇ ಆದ ರುಚಿ ಕಡಿಮೆ. ಅದು ಸಾರನ್ನು ಹೊತ್ತು ಗಂಟಲಿಗಿಳಿಸುವ ವಾಹನ. ಬೇಯಿಸಿದ ಸೊಪ್ಪು ಕಾಳುಗಳ ನೀರನ್ನು ಬಸಿದು ಆ ಕಟ್ಟಿಗೆ ಮಸಾಲೆ ಅರೆದು ಹಾಕಿ, ಬಸಿದುಳಿದದ್ದನ್ನು ಪಲ್ಯ ಮಾಡುವ ಬಸ್ಸಾರು, ಉಪ್ಪು ಹಾಕಿ ಬೇಯಿಸಿದ ಕಟ್ಟನ್ನು ಹಾಗೆಯೇ ಬಡಿಸಿ ಖಾರವನ್ನು ಪಕ್ಕದಲ್ಲಿಡುವ ಉಪ್ಪೆಸರು, ಮಸ್ಸೊಪ್ಪು, ಮೊಳಕೆ ಹುರುಳಿಯ ಸಾರು: ದಿನನಿತ್ಯದ ಮುದ್ದೆ ಬೆಳೆದದ್ದು ಇವುಗಳ ಜೊತೆ. ಬೆಂಗಳೂರಿನ ಬಹುಪಾಲು ಹೋಟೆಲುಗಳು ಇವನ್ನು ಬಿಟ್ಟು ನಾಟಿ ಕೋಳಿ, ಮಟನ್ನು, ಕಾಲುಸೂಪುಗಳಿಗೆ ಮುದ್ದೆಯನ್ನು ಕಟ್ಟಿಹಾಕಿವೆ. ಹಬ್ಬದ, ನೆಂಟರು ಬಂದ ದಿನದ ಊಟವನ್ನು ನಿತ್ಯದ ಊಟವೆಂದು ತೋರಿಸುವ ಈ ರೂಢಿಯಿಂದ, ಊರಿನಿಂದ ಬಂದು ಕೋಣೆಯಲ್ಲಿರುವ ವಿದ್ಯಾರ್ಥಿಗೆ ಅತಿ ಅಗ್ಗವಾಗಿ ಸಿಗಬೇಕಾದದ್ದೇ ಕೈಗೆಟುಕದಂತಾಗಿದೆ. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಬಿದ್ದ ಅವರೆಗೆ ಬರುವ ಸೊಗಡನ್ನು, ಸಿಪ್ಪೆ ಬಿಡಿಸುವಾಗಲೇ ಕೈಗೆ ಅಂಟುವ ಆ ಜಿಡ್ಡಿನ ಘಮವನ್ನು, ಶೀತಲ ಪೆಟ್ಟಿಗೆಯ ಹಿದುಕಿದ ಬೇಳೆಯಲ್ಲಿ ಹುಡುಕುವವರಿಗೆ ಮಾತ್ರ ಯಾವ ಮೆಸ್ಸೂ ನೆರವಾಗಲಾರದು. ಈ ಒಂದು ಸಂದರ್ಭದಲ್ಲಿ ಊರಿನ ಪಕ್ಷದ ವಾದವೇ ಗೆಲ್ಲುತ್ತದೆ.

ದೂರ ಹೆಚ್ಚಿದಂತೆ ಹೋಟೆಲಿನ ಪಾತ್ರ ಕುಗ್ಗಿ ಮನೆಯ ಒಲೆಯ ಪಾತ್ರ ಹಿಗ್ಗುತ್ತದೆ. 1996ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಮುದ್ದೆಯ ಹೆಸರು ಉತ್ತರ ಭಾರತದವರ ಕಿವಿಗೂ ಬಿದ್ದಿತು. ಆದರೆ ಹೆಸರು ಹರಡಿದಷ್ಟು ಮುದ್ದೆ ಹರಡಲಿಲ್ಲ, ಏಕೆಂದರೆ ಅದನ್ನು ತಿರುವುವ ಕೈಯಿಲ್ಲದ ಕಡೆ ಅದು ಮಾರಾಟದ ಸರಕಾಗಲಾರದು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿಯ ಬಿಸ್ಕತ್ತು, ದೋಸೆ ಹಿಟ್ಟು, ಮಾಲ್ಟುಗಳು ಪೇಟೆಯಲ್ಲಿ ಹೆಚ್ಚು ಕಾಣಿಸಿಕೊಂಡದ್ದೂ, ಮುದ್ದೆ ಇದ್ದಲ್ಲೇ ಇದ್ದದ್ದೂ ಇದೇ ಕಾರಣದಿಂದ. ಅಮೆರಿಕದ ಕನ್ನಡ ಮನೆಗಳಲ್ಲಿ ಭಾರತೀಯ ಅಂಗಡಿಯ ರಾಗಿ ಹಿಟ್ಟು, ದಪ್ಪ ತಳದ ಪಾತ್ರೆ, ಗಟ್ಟಿ ಮರದ ಸೌಟು ಇಷ್ಟಿದ್ದರೆ ನಾಲ್ಕು ಜನರಿಗೆ ಒಳ್ಳೆಯ ಮುದ್ದೆ ಇಳಿಯುತ್ತದೆ. ನಯವಾದ ಗಾಜಿನ ಒಲೆಯ ಮೇಲೆ ಪಾತ್ರೆ ಜಾರದಂತೆ ಹಿಡಿಯಲು ಕವೆಗೋಲಿಗೆ ಬದಲಾಗಿ ಇನ್ನೊಬ್ಬರ ಕೈ ಬೇಕಾಗಬಹುದು, ಅಷ್ಟೆ. ಅಲ್ಲಿನ ಕನ್ನಡ ಕೂಟಗಳ ಸಂತರ್ಪಣೆಗಳ ಮಾತು ಬೇರೆ. ಹಿಂದಿನ ರಾತ್ರಿ ಅಡಿಗೆ ಮಾಡಿ, ಅಲ್ಯೂಮಿನಿಯಂ ತಟ್ಟೆಗಳಲ್ಲಿ ತುಂಬಿ, ಕಾರಿನಲ್ಲಿ ಸಾಗಿಸಿ, ಸಭಾಂಗಣದ ಸರದಿಯಲ್ಲಿ ಬಡಿಸುವ ಊಟಕ್ಕೆ ಹಟ ಹಿಡಿದು ಮುದ್ದೆಯನ್ನೇ ಸೇರಿಸುವವರು ಅದನ್ನು ಮೊದಲ ಸಲ ತಿನ್ನುವ ಅಲ್ಲಿನ ಮಕ್ಕಳಿಗೆ ಆರಿ ಬಿಗಿದ ಉಂಡೆಯನ್ನು ಕೊಟ್ಟು, ಆ ಊಟದ ಮೇಲೆ ಅವರಿಗೆ ಇಲ್ಲದ ಬೇಸರವನ್ನು ಹುಟ್ಟಿಸುತ್ತಾರೆ. ಅಂಥ ಕಡೆ ಬೇಕಾದದ್ದು ಅರಕಲಗೂಡಿನ ಕಡುಬು: ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದಾದ, ಸಭಾಂಗಣದ ಅಡಿಗೆಕೋಣೆಯಲ್ಲಿ ಅರೆಗಳಿಗೆ ಹಬೆಗಿಟ್ಟು ಅವರೆಕಾಳಿನ ಸಾರಿನೊಡನೆ ಬಡಿಸಬಹುದಾದ ಅದನ್ನು ಕೂಟಗಳ ಅಡಿಗೆಯವರು ಇದುವರೆಗೆ ಕೈಗೆತ್ತಿಕೊಂಡದ್ದು ತೀರ ಕಡಿಮೆ.