ಗೋಡೆಯಿಂದ ಶುರುಮಾಡಿ

ನಾವೆಲ್ಲ ಅಕ್ಷರ ಕಲಿತದ್ದು ತಿದ್ದಿ ತಿದ್ದಿ. ಚಿತ್ರ ನೋಡುವುದನ್ನೂ ಹಾಗೆಯೇ ಕಲಿಯಬಹುದು. ಕೋಣೆಯೊಳಗೆ ಒಬ್ಬರಿರುವ ಯಾವುದಾದರೂ ಒಳ್ಳೆಯ ಚಿತ್ರವನ್ನು ಎದುರಿಗಿಟ್ಟುಕೊಂಡು ನಕಲು ಮಾಡಿ. ಕಾಗದ ಹಾಳಾದರೂ ಕಣ್ಣು ಪಳಗುತ್ತದೆ.

ನನ್ನ ಆಯ್ಕೆ ಡಚ್ ಕಲಾವಿದ ವರ್ಮೀರನ 'ಮಿಲ್ಕ್‌ಮೇಡ್'. 1660ರ ಆಸುಪಾಸಿನ ಈ ತೈಲಚಿತ್ರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಎತ್ತರ 45.5 ಸೆಂ.ಮೀ., ಅಗಲ 41. ಮೂಲದ ಅಳತೆಯಲ್ಲೇ ನಕಲು ಮಾಡಬಹುದು. ಅಡುಗೆಮನೆಯ ಮೂಲೆ, ಎಡಕ್ಕೆ ಕಿಟಕಿ, ಮೇಜಿನ ತುಂಬ ಬ್ರೆಡ್ಡು. ಕೆಲಸದಾಕೆ ಹೂಜಿಯಿಂದ ಸಣ್ಣಗೆ ಹಾಲು ಬಗ್ಗಿಸುತ್ತಿದ್ದಾಳೆ.

ಎಲ್ಲರಂತೆ ನಾನೂ ಮುಖದಿಂದ ಶುರುಮಾಡಿದೆ. ಆಮೇಲೆ ಗೋಡೆಗೆ ಸುಣ್ಣ ಹೊಡೆದಂತೆ ಒಂದೇ ಬಿಳಿ ಬಳಿದೆ. ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಹಾಗೆ ಕಂಡಳು! ಮತ್ತೆ ಮೂಲ ನೋಡಿದೆ. ಆ ಗೋಡೆ ಒಂದೇ ಬಿಳಿಯಲ್ಲ. ಕಿಟಕಿಯ ಮೂಲೆಯಲ್ಲಿ ಬೂದು. ಬಲಕ್ಕೆ ಸರಿದಂತೆ ಬೆಳ್ಳಗಾಗುತ್ತದೆ. ಬೆಳಕು ಬಿದ್ದ ಅವಳ ಮಗ್ಗುಲಿನ ಹಿಂದೆ ಗೋಡೆ ಮಬ್ಬು, ನೆರಳಿನ ಮಗ್ಗುಲಿನ ಹಿಂದೆ ಬೆಳಕು. ಸಾಲದ್ದಕ್ಕೆ ಆ ನೆರಳಂಚಿಗೆ ಕೂದಲೆಳೆಯಷ್ಟು ಬಿಳಿ ಗೆರೆ. ಅವಳನ್ನು ನಿಲ್ಲಿಸಿರುವುದು ಗೋಡೆ.

ಹಾಗಾಗಿ ಈ ಕ್ರಮ ಹಿಡಿಯಿರಿ:

1. ಕಣ್ಣು ಕಿರಿದು ಮಾಡಿ ನೋಡಿ. ಕಪ್ಪು, ಬೂದು, ಬಿಳಿ ಮೂರರಲ್ಲೇ ಚಿತ್ರವನ್ನು ಹಂಚಿ.

2. ಮೊದಲು ಗೋಡೆ ಮುಗಿಸಿ.

3. ಆಮೇಲೆ ಹಳದಿ ರವಿಕೆ, ನೀಲಿ ಏಪ್ರನ್, ಕೆಂಪು ಲಂಗ. ಆ ನೀಲಿಗೆ ವರ್ಮೀರ್ ಬಳಸಿದ್ದು ಲಾಪಿಸ್ ಲಾಜುಲಿ ಎಂಬ ದುಬಾರಿ ಕಲ್ಲಿನ ಪುಡಿ; ನಮಗೆ ಅಂಗಡಿಯ ಅಲ್ಟ್ರಾಮರೀನ್ ಸಾಕು.

4. ಬ್ರೆಡ್ಡಿನ ಮೇಲೆ ರವೆ ಚೆಲ್ಲಿದಂತಿರುವ ಬೆಳಕಿನ ಚುಕ್ಕಿಗಳನ್ನು ಕಟ್ಟಕಡೆಗೆ ಇಡಿ.

ಗೋಡೆಯ ಮೇಲ್ಭಾಗದಲ್ಲಿ ಒಂದು ಮೊಳೆಯಿದೆ, ಅದಕ್ಕೊಂದು ನೆರಳಿದೆ, ಸುತ್ತ ಮೊಳೆ ಕಿತ್ತ ತೂತುಗಳಿವೆ. ಅವಳ ತಲೆಯ ಹಿಂದೆ ವರ್ಮೀರ್ ಮೊದಲು ಹೂಜಿಗಳ ಸಾಲೊಂದನ್ನು ಗುರುತು ಹಾಕಿ, ಆಮೇಲೆ ಬಣ್ಣ ಬಳಿದು ಮುಚ್ಚಿದ್ದನೆಂದು 2022ರಲ್ಲಿ ಮ್ಯೂಸಿಯಂ ತಿಳಿಸಿತು. ಹೂಜಿಗಳನ್ನು ತೆಗೆದವನು ಮೊಳೆಯನ್ನು ಉಳಿಸಿದ. ಯಾಕೆ? ಅದನ್ನು ಬಿಟ್ಟು ಒಮ್ಮೆ ಬರೆದು ನೋಡಿ. ಗೋಡೆ ಬರೀ ಬಣ್ಣವಾಗಿಬಿಡುತ್ತದೆ.

ಮುಂದೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ, ಕಲಾವಿದ ಹಲ್ದಂಕರ್ ಜಲವರ್ಣದಲ್ಲಿ ಬರೆದ ದೀಪ ಹಿಡಿದ ಹೆಣ್ಣಿನ ಎದುರು ನಿಲ್ಲಿ. ದೀಪವನ್ನೂ ಮುಖವನ್ನೂ ಎಲ್ಲರೂ ನೋಡುತ್ತಾರೆ. ನೀವು ಅವಳ ಹಿಂದಿನ ಕತ್ತಲೆಯಿಂದ ಶುರುಮಾಡಿ.